ಹಿಕ್ಕೆಯಲ್ಲಿ ಹುಳು ಕಾಣದಿದ್ದರೆ ಜಂತು ಹೋಯಿತೆಂದೇ?

ಪ್ರಶ್ನೆ: ಜಂತುಹುಳುವಿನ ಬಾಧೆಗೆಂದು ನನ್ನ ಕುರಿಗಳಿಗೆ ಬೇವಿನ ಸೊಪ್ಪು ಮೇಯಿಸಿ, ಮುತ್ತುಗದ ಬೀಜದ ಪುಡಿಯನ್ನು ಗೊಟ್ಟದಲ್ಲಿ ಕುಡಿಸುತ್ತಿದ್ದೇನೆ. ಹಿಕ್ಕೆಯಲ್ಲಿ ಹುಳು ಕಾಣುತ್ತಿಲ್ಲ. ಆದರೆ ಎರಡು ಕುರಿಗಳ ಗದ್ದದ ಕೆಳಗೆ ನೀರು ತುಂಬಿದಂತೆ ಬಾವು ಬಂದಿದೆ. ಪುಡಿಯ ಪ್ರಮಾಣ ಹೆಚ್ಚಿಸಲೇ?

ಉತ್ತರ: ಹೆಚ್ಚಿಸಬೇಡಿ, ಆ ಎರಡನ್ನೂ ಇಂದೇ ಪಶುವೈದ್ಯರಿಗೆ ತೋರಿಸಿ. ನೀವು ಹೇಳುವ ಬಾವು ಹೆಚ್ಚಾಗಿ ರಕ್ತ ಹೀರುವ ಹಿಮಾಂಕಸ್ ಹುಳುವಿನಿಂದ, ಕೆಲವೊಮ್ಮೆ ಯಕೃತ್ತಿನ ಚಪ್ಪಟೆ ಹುಳುವಿನಿಂದ ಬರುತ್ತದೆ. ಹಿಮಾಂಕಸ್ ನಾಲ್ಕನೆಯ ಹೊಟ್ಟೆಯಲ್ಲಿ ನೆಲೆಸಿ, ಒಂದೊಂದು ಹೆಣ್ಣು ಹುಳುವೂ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಅವು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವುದರಿಂದ ಹಿಕ್ಕೆ ಸ್ವಚ್ಛವಾಗಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಅಕ್ಕಿಕಾಳಿನಂತೆ ಉದುರುವುದು ಲಾಡಿಹುಳುವಿನ ತುಂಡು, ಅದರ ಕಾಟ ಇದಕ್ಕಿಂತ ಕಡಿಮೆ.

ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಬಿಸಿಲಿನಲ್ಲಿ ನೋಡಿ. ಒಳಪೊರೆ ಕೆಂಪಾಗಿದ್ದರೆ ರಕ್ತ ಕಡಿಮೆಯಾದ ಚಿಂತೆಯಿಲ್ಲ. ಕಾಗದದಂತೆ ಬಿಳಿಚಿದ್ದರೆ ರಕ್ತ ಬಹಳ ಹೋಗಿದೆ, ಸೊಪ್ಪು–ಕಷಾಯದ ಪ್ರಯೋಗಕ್ಕೆ ಅಲ್ಲಿ ಸಮಯವಿಲ್ಲ.

ಹಾಗೆಂದು ಗಿಡಮೂಲಿಕೆಗಳನ್ನು ತಳ್ಳಿಹಾಕುತ್ತಿಲ್ಲ. ಮುತ್ತುಗದ ಬೀಜದಲ್ಲಿರುವ ಪಲಾಸೋನಿನ್ ಎಂಬ ಅಂಶ ಪ್ರಯೋಗಾಲಯದಲ್ಲಿ ಹುಳುಗಳ ಮೇಲೆ ಕೆಲಸ ಮಾಡುತ್ತದೆ, ಆದರೆ ಪುಡಿಯಲ್ಲಿ ಅದೆಷ್ಟಿದೆಯೆಂಬುದು ಬೀಜದಿಂದ ಬೀಜಕ್ಕೆ ಬದಲಾಗುತ್ತದೆ. ಬೇವಿನ ಫಲಿತಾಂಶ ಒಂದು ಪರೀಕ್ಷೆಯಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ನನಗೆ ಹೆಚ್ಚು ನಂಬಿಕೆ ಟ್ಯಾನಿನ್ (ಗಿಡಗಳಲ್ಲಿನ ಒಗರು ಅಂಶ) ಇರುವ ಮೇವಿನ ಮೇಲೆ. ಅದು ಹುಳುಗಳನ್ನು ಪೂರ್ತಿ ಹೊರಹಾಕದಿದ್ದರೂ ಮೊಟ್ಟೆಗಳ ಸಂಖ್ಯೆಯನ್ನು ತಗ್ಗಿಸಬಲ್ಲದು, ಅತಿಯಾದರೆ ಮಾತ್ರ ಮೇವು ತಿನ್ನುವುದೇ ಕಡಿಮೆಯಾಗುತ್ತದೆ. ಗಿಡದ್ದೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು: ಹಿಂದೆ ಹುಳುವಿಗೆ ಬಳಸುತ್ತಿದ್ದ ಒಂದು ಜರೀಗಿಡ ದನಗಳ ಕಣ್ಣನ್ನೇ ಕಳೆದದ್ದುಂಟು. ಗೊಟ್ಟ ಹಾಕುವಾಗ ತಲೆಯನ್ನು ತೀರ ಮೇಲೆತ್ತಿದರೆ ಮದ್ದು ಶ್ವಾಸಕೋಶಕ್ಕೆ ಇಳಿದೀತು.

ನಿಮ್ಮ ಮದ್ದು ಫಲ ಕೊಡುತ್ತಿದೆಯೇ ಎಂದು ತಿಳಿಯಲು, ಕೊಡುವ ಮೊದಲೊಮ್ಮೆ, ಕೊಟ್ಟು ಹತ್ತು–ಹದಿನಾಲ್ಕು ದಿನಗಳ ಬಳಿಕ ಇನ್ನೊಮ್ಮೆ, ಅದೇ ಕುರಿಗಳ ತಾಜಾ ಹಿಕ್ಕೆಯಲ್ಲಿ ಮೊಟ್ಟೆಗಳನ್ನು ಎಣಿಸಿಸಿ. ಹಿಕ್ಕೆಯ ಮೊಟ್ಟೆಗಳಿಂದ ಹೊರಬಂದ ಮರಿಹುಳುಗಳು ಹೆಚ್ಚಾಗಿ ಹುಲ್ಲಿನ ಬುಡದ 5 ಸೆಂ.ಮೀ. ಒಳಗೇ ಇರುವುದರಿಂದ ಹುಲ್ಲುಗಾವಲನ್ನು ಬೋಳಾಗುವಷ್ಟು ಮೇಯಿಸಬೇಡಿ.

ಪ್ರಶ್ನೆ: ಗಬ್ಬದ ಮೇಕೆಗೆ ಪಪಾಯ ಬೀಜ ಕೊಡಬಹುದೇ?

ಉತ್ತರ: ಬೇಡ. ಅದರ ಸಾರ ಪ್ರಯೋಗದ ಪ್ರಾಣಿಗಳಲ್ಲಿ ಸಂತಾನಶಕ್ತಿಯನ್ನು ಕುಂದಿಸಿದೆ. ಅಂಗಡಿಯ ಮದ್ದುಗಳಲ್ಲಿಯೂ ಆಲ್ಬೆಂಡಜೋಲ್ ಗಬ್ಬದ ಮೊದಲ ತಿಂಗಳಲ್ಲಿ ಸಲ್ಲದು. ಈಯುವ ಆಸುಪಾಸಿನಲ್ಲಿ ಮೇಕೆಯ ಹಿಕ್ಕೆಯಲ್ಲಿ ಮೊಟ್ಟೆಗಳು ಏರುತ್ತವೆ. ಆಗ ಯಾವ ಮದ್ದು, ಎಷ್ಟು ಎಂಬುದನ್ನು ವೈದ್ಯರು ತೂಕ ನೋಡಿ ಹೇಳಲಿ.