ಲಸಿಕೆ ಹಾಕಿಸಿದರೂ ಮೂಗಿನಲ್ಲಿ ನ್ಯೂಮೊಕಾಕಸ್!

ಪ್ರಶ್ನೆ: ಮಗುವಿಗೆ ನ್ಯೂಮೊಕಾಕಲ್ ಕಾಂಜುಗೇಟ್ ಲಸಿಕೆಯ (ಪಿಸಿವಿ) ಎಲ್ಲ ಡೋಸ್‌ಗಳೂ ಆಗಿವೆ. ಆದರೂ ಮೂಗಿನ ಸ್ವ್ಯಾಬ್‌ನಲ್ಲಿ ನ್ಯೂಮೊಕಾಕಸ್ ಕಂಡುಬಂದಿದೆ. ಆಂಟಿಬಯೋಟಿಕ್ ಕೊಡಿಸಬೇಕೇ?

ಉತ್ತರ: ಮಗು ಆರೋಗ್ಯವಾಗಿದ್ದರೆ ಖಂಡಿತ ಬೇಡ. ನ್ಯುಮೋನಿಯಾ, ಕಿವಿಸೋಂಕು ತರಬಲ್ಲ ಈ ಬ್ಯಾಕ್ಟೀರಿಯಾ ಎಳೆಯ ಮಕ್ಕಳ ಮೂಗಿನ ಹಿಂಭಾಗದಲ್ಲಿ ಯಾವ ತೊಂದರೆಯನ್ನೂ ಕೊಡದೆ ವಾರಗಟ್ಟಲೆ ನೆಲೆಸಿ, ತಾನಾಗಿ ಹೋಗುವುದು ಸಾಮಾನ್ಯ. ಹೊರಕವಚದ ಸಕ್ಕರೆಸರಪಳಿಯನ್ನು ನೋಡಿ ಇದರಲ್ಲಿ ಸುಮಾರು 100 ಸೀರೋಟೈಪ್‌ಗಳನ್ನು (ಬಗೆಗಳನ್ನು) ಗುರುತಿಸಿದ್ದಾರೆ. ಲಸಿಕೆಯಲ್ಲಿರುವುದು 10, 13 ಹೀಗೆ ಕೆಲವೇ. ಉಳಿದವು ಮೂಗಿಗೆ ಬರಬಹುದು. ಲಸಿಕೆಯಲ್ಲಿರುವ ಟೈಪ್‌ಗೂ ತಡೆ ಪೂರ್ಣವಲ್ಲ. ಸೀರೋಟೈಪ್ 3 ಅಂತೂ ಹಟಮಾರಿ.

ಪ್ರಶ್ನೆ: ಲಸಿಕೆಯಿಂದ ಆಂಟಿಬಯೋಟಿಕ್ ನಿರೋಧ ಕಡಿಮೆಯಾಗುವುದು ಹೇಗೆ?

ಉತ್ತರ: ಮಗುವಿನ ಕಿವಿಸೋಂಕಿಗೆ ಅಮಾಕ್ಸಿಸಿಲಿನ್ ಕೊಟ್ಟರೆ ಔಷಧ ಕಿವಿಯಲ್ಲಷ್ಟೇ ನಿಲ್ಲುವುದಿಲ್ಲ, ಮೂಗಿನಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾಗಳಿಗೂ ತಾಗುತ್ತದೆ. ಔಷಧಕ್ಕೆ ಬಗ್ಗುವವು ಸಾಯುತ್ತವೆ, ಬಗ್ಗದವು (ನಿರೋಧಕ ತಳಿಗಳು) ಜಾಗ ಹಿಡಿಯುತ್ತವೆ. ನೆರೆಯ ಬ್ಯಾಕ್ಟೀರಿಯಾಗಳಿಂದ ಡಿಎನ್‌ಎ ತುಣುಕು ಹೀರಿಕೊಂಡು ಪೆನಿಸಿಲಿನ್ ಅಂಟುವ ಪ್ರೋಟೀನನ್ನೇ ಬದಲಿಸಿಕೊಳ್ಳುವುದೂ ಹೆಚ್ಚಾಗಿ ಅಲ್ಲೇ. ಮಕ್ಕಳ ಮೂಗಿನಲ್ಲಿ ಹೆಚ್ಚಾಗಿ ತಂಗುತ್ತಿದ್ದ 6ಬಿ, 14, 19ಎಫ್, 23ಎಫ್‌ನಂಥ ಟೈಪ್‌ಗಳಲ್ಲಿ ನಿರೋಧ ಕೂಡಿಕೊಂಡದ್ದು ಹೀಗೆ.

ಅಮೆರಿಕದಲ್ಲಿ 2000ರಲ್ಲಿ ಬಂದ, ಏಳು ಟೈಪ್‌ಗಳ ಪಿಸಿವಿ7 ಇವನ್ನೇ ಗುರಿಮಾಡಿತು. ಲಸಿಕೆ ಪಡೆದ ಮಕ್ಕಳಿಂದ ಹರಡುವುದು ತಗ್ಗಿ, ಲಸಿಕೆ ಪಡೆಯದ ಹಿರಿಯರಲ್ಲೂ ನಿರೋಧಕ ತಳಿಗಳ ಗಂಭೀರ ಸೋಂಕು ಇಳಿಯಿತು. ಆದರೆ ತೆರವಾದ ಜಾಗಕ್ಕೆ ಹಲವು ಔಷಧಗಳಿಗೆ ಬಗ್ಗದ 19ಎ ನುಗ್ಗಿತು. 2010ರ ಪಿಸಿವಿ13ರಲ್ಲಿ ಅದನ್ನೂ ಸೇರಿಸಿದ ಮೇಲೆ ಅದೂ ಇಳಿಮುಖವಾಯಿತು. ಆದ್ದರಿಂದಲೇ ಲಸಿಕೆ ಬಂದ ಮೇಲೂ ಮೂಗಿನ ಮಾದರಿಗಳ ಮೇಲೆ ನಿಗಾ ಬಿಡುವಂತಿಲ್ಲ.

ಇನ್ನೊಂದು ಲಾಭ ನೇರವಾದದ್ದು: ತಪ್ಪಿದ ಪ್ರತಿ ಸೋಂಕೂ ತಪ್ಪಿದ ಒಂದು ಆಂಟಿಬಯೋಟಿಕ್ ಕೋರ್ಸ್. ಫ್ಲೂ ಲಸಿಕೆಯೂ ಇಲ್ಲಿ ನೆರವಾಗುತ್ತದೆ. ವೈರಸ್ ಜ್ವರಕ್ಕೆ ಅನಗತ್ಯವಾಗಿ ಬರೆದುಕೊಡುವ ಆಂಟಿಬಯೋಟಿಕ್ ಬಹಳ.

ಪ್ರಶ್ನೆ: ಹೆಚ್ಚು ಟೈಪ್‌ಗಳಿರುವ, 23 ಟೈಪ್‌ಗಳ ನ್ಯೂಮೊಕಾಕಲ್ ಲಸಿಕೆಯನ್ನೇ ಶಿಶುವಿಗೆ ಹಾಕಿಸಬಾರದೇ?

ಉತ್ತರ: ಅದು ಬರೀ ಸಕ್ಕರೆಕವಚದ ಲಸಿಕೆ. ಎರಡು ವರ್ಷದೊಳಗಿನ ಮಕ್ಕಳ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದು, ಮೂಗಿನ ವಾಸವನ್ನೂ ಅದು ತಗ್ಗಿಸುವುದಿಲ್ಲ. ಸಕ್ಕರೆಗೆ ಪ್ರೋಟೀನ್ ಬೆಸೆದ ಕಾಂಜುಗೇಟ್ ಲಸಿಕೆಗೆ ಟಿ-ಕೋಶಗಳ (ರೋಗನಿರೋಧಕ ಕೋಶಗಳ) ನೆರವು ಸಿಗುತ್ತದೆ, ದೇಹಕ್ಕೆ ಅದರ ನೆನಪೂ ಉಳಿಯುತ್ತದೆ. 2+1 ಪಟ್ಟಿಯಲ್ಲಿ (ಎರಡು ಡೋಸ್, ಆಮೇಲೊಂದು ಬೂಸ್ಟರ್) ಕೊನೆಯ ಬೂಸ್ಟರ್ ಬಿಡಬೇಡಿ. ಪ್ರತಿಕಾಯದ ಮಟ್ಟವನ್ನು ಮತ್ತೆ ಏರಿಸುವುದು ಅದೇ.