ಡ್ರೈನೇಜ್ ಲೈನಿನ ಇನ್‌ಸ್ಪೆಕ್ಷನ್ ಓಪನಿಂಗ್: ಅರ್ಧ ದಿನದ ಪಾಠ ಸಾಕೇ?

ನಿಮ್ಮ ಪ್ರಶ್ನೆ ಇಷ್ಟು: ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು ಐಟಿಐ ಪ್ಲಂಬರ್ ಟ್ರೇಡ್ ಸೇರಿದ್ದೀರಿ. ಡ್ರೈನೇಜ್ ಲೈನಿಗೆ ಇನ್‌ಸ್ಪೆಕ್ಷನ್ ಓಪನಿಂಗ್ (ಲೈನ್ ಕಟ್ಟಿಕೊಂಡಾಗ ತೆರೆದು ಸ್ವಚ್ಛ ಮಾಡಲು ಇಡುವ ಬಾಯಿ) ಕೂರಿಸುವುದನ್ನು ಅರ್ಧ ದಿನದಲ್ಲಿ ತೋರಿಸಿ ಮುಗಿಸಿದರು. ಸೈಟಿಗೆ ಹೋದರೆ ಮಿಸ್ತ್ರಿ "ಅದೆಲ್ಲ ಬೇಡ, ಟೀ ಹಾಕಿ ಕ್ಯಾಪ್ ಹೊಡಿ" (T ಆಕಾರದ ಫಿಟ್ಟಿಂಗ್ ಹಾಕಿ ಅದರ ಬಾಯಿ ಮುಚ್ಚು) ಅನ್ನುತ್ತಾನೆ. ಇದರಲ್ಲಿ ಕಲಿಯುವಂಥದ್ದು ಏನಿದೆ, ಇದನ್ನು ಬಿಟ್ಟು ಮೂರು ತಿಂಗಳ ಪ್ರೈವೇಟ್ ಕೋರ್ಸ್ ಹಿಡಿಯಲೇ ಅಂತ ಕೇಳಿದ್ದೀರಿ.

ಕೂರಿಸುವುದಕ್ಕೆ ಅರ್ಧ ದಿನ ಧಾರಾಳ ಆಯಿತು. ಎಲ್ಲಿ ಕೂರಿಸಬೇಕು, ಅದರ ಬಾಯಿ ಯಾವ ಕಡೆಗಿರಬೇಕು ಅನ್ನುವುದು ಅರ್ಧ ದಿನಕ್ಕೆ ತಲೆಗೆ ಹತ್ತುವುದಿಲ್ಲ. ನಾನು ಈ ಊರಿನ ಉಪನಗರಗಳಲ್ಲಿ ಡ್ರೈನೇಜ್ ಕೆಲಸ ಮಾಡಿಸುತ್ತಲೇ ತಲೆ ನರೆತವನು. ಈಗ ಶನಿವಾರ, ಭಾನುವಾರ ಹುಡುಗರಿಗೆ ಪ್ರಾಕ್ಟಿಕಲ್ ಹೇಳಿಕೊಡುತ್ತೇನೆ. ಹತ್ತು ವರ್ಷದ ಮೇಲೆ ಚೋಕಪ್ ಆದಾಗ, ಅಂದರೆ ಲೈನ್ ಕಟ್ಟಿಕೊಂಡಾಗ, ಅದನ್ನು ಬಿಡಿಸಲು ಅಲ್ಲಿ ಉದ್ದನೆಯ ರಾಡ್ ಹಿಡಿದು ನಿಲ್ಲುವವನು ಯಾರು, ಎಲ್ಲಿ ನಿಲ್ಲುತ್ತಾನೆ, ಅವನ ಕೈ ಎಷ್ಟು ದೂರ ಹೋಗುತ್ತದೆ ಅಂತ ಯೋಚಿಸಿ ಓಪನಿಂಗ್ ಇಡಬೇಕು. ನಿಮ್ಮ ಮಿಸ್ತ್ರಿಗೆ ಆ ಚಿಂತೆಯಿಲ್ಲ, ಅಷ್ಟರಲ್ಲಿ ಅವನು ಇನ್ನೊಂದು ಸೈಟ್‌ನಲ್ಲಿರುತ್ತಾನೆ.

ಒಂದು ಉದಾಹರಣೆ ಕೊಡುತ್ತೇನೆ. ಮುಲುಂಡ್‌ನ ಒಂದು ಸೊಸೈಟಿಯಲ್ಲಿ ಗ್ರೌಂಡ್ ಫ್ಲೋರ್‌ನವರ ನಹಾನಿ ಟ್ರ್ಯಾಪ್‌ನಿಂದ (ಬಚ್ಚಲಿನ ನೆಲದಲ್ಲಿ ನೀರು ಹೋಗುವ ಕಿಂಡಿ) ಮೇಲಿನವರ ನೀರೆಲ್ಲ ಉಕ್ಕುತ್ತಿತ್ತು. ಪೈಪುಗಳು ಹಾದುಹೋಗುವ ಡಕ್ಟ್‌ಗೆ ಇಳಿದು ನೋಡಿದರೆ ಸ್ಟ್ಯಾಕ್‌ನ (ಮೇಲಿನಿಂದ ನೆಟ್ಟಗೆ ಇಳಿಯುವ ಪೈಪ್) ಬುಡದಲ್ಲಿ ಡೋರ್ ಬೆಂಡ್, ಅಂದರೆ ತೆರೆಯುವ ಬಾಗಿಲಿರುವ ತಿರುವು, ಇದೆ, ಲೆಕ್ಕಕ್ಕೆ ಎಲ್ಲ ಸರಿ. ಆದರೆ ಬಾಗಿಲು ಗೋಡೆಗೆ ಮುಖ ಮಾಡಿದೆ, ನಡುವೆ ನಾಲ್ಕು ಬೆರಳು ಜಾಗ. ಸ್ಕ್ರೂಗಳು ಕಾಣಬೇಕಾದರೆ ಮೊಬೈಲ್ ಒಳಗೆ ತೂರಿಸಿ ಫೋಟೋ ತೆಗೆಯಬೇಕು, ಸ್ಕ್ರೂಡ್ರೈವರ್ ಹಿಡಿಸುವ ಮಾತೇ ಇಲ್ಲ. ಕೊನೆಗೆ ಪೈಪನ್ನೇ ಕತ್ತರಿಸಬೇಕಾಯಿತು. ಬಾತ್‌ರೂಮ್ ಬಳಸಬೇಡಿ ಅಂತ ಎಲ್ಲ ಮನೆಗೂ ಹೇಳಿ ಬಂದಿದ್ದರೂ, ಹ್ಯಾಕ್‌ಸಾ ಅರ್ಧ ಇಳಿದಿದ್ದಾಗ ಮೂರನೇ ಮಾಳಿಗೆಯಲ್ಲಿ ಯಾರೋ ಫ್ಲಶ್ ಮಾಡಿದರು. ಮುಂದಿನದನ್ನು ಬಿಡಿಸಿ ಹೇಳುವುದು ಬೇಡ. ಫಿಟ್ಟಿಂಗ್ ತರುವ ಮೊದಲೇ ಬಾಗಿಲು ಎಡಕ್ಕೋ ಬಲಕ್ಕೋ ಹಿಂದಕ್ಕೋ ಅಂತ ಡಕ್ಟ್‌ನಲ್ಲಿ ನಿಂತು ನೋಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಜಾಗದ ವಿಷಯಕ್ಕೆ ಬರೋಣ. ಅಡ್ಡ ಲೈನ್ ಶುರುವಾಗುವ ಮೇಲ್ತುದಿ, ಸ್ಟ್ಯಾಕ್ ಕೆಳಗಿಳಿದು ಅಡ್ಡಕ್ಕೆ ತಿರುಗುವ ಬುಡ, ದೊಡ್ಡ ತಿರುವುಗಳು, ಇವು ಬಿಡಲೇಬಾರದ ಜಾಗಗಳು. ಉದ್ದನೆಯ ನೇರ ಲೈನಾದರೆ ಸುಮಾರು 30 ಮೀಟರಿಗೊಂದು ಬೇಕು. ಅಮೆರಿಕದ ಯೂನಿಫಾರ್ಮ್ ಪ್ಲಂಬಿಂಗ್ ಕೋಡ್‌ನಲ್ಲಿ 100 ಅಡಿ ಅಂತಿದೆ, ಹೆಚ್ಚುಕಡಿಮೆ ಅದೇ ಲೆಕ್ಕ. ಬಾಯಿಯ ಮುಂದೆ ಎಷ್ಟು ಜಾಗ ಬಿಡಬೇಕೆಂದೂ ಆ ಕೋಡ್ ಹೇಳುತ್ತದೆ: 2 ಇಂಚಿನವರೆಗಿನ ಪೈಪಾದರೆ 18 ಇಂಚು, ಅದಕ್ಕಿಂತ ದೊಡ್ಡದಾದರೆ 24 ಇಂಚು. ಪಾರ್ಕಿಂಗ್ ಸೀಲಿಂಗ್‌ನಲ್ಲಿ ತೂಗುಹಾಕಿದ ಲೈನಾದರೆ ಓಪನಿಂಗ್‌ನ ಕೆಳಗೆ ಯಾವ ಕಾರು ನಿಲ್ಲುತ್ತದೆ ಅಂತಲೂ ನೋಡಿ. ತೆರೆದ ಕೂಡಲೇ ಒಳಗಿರುವುದೆಲ್ಲ ಬಾನೆಟ್ ಮೇಲೆ ಬೀಳುತ್ತದೆ, ಬೈಗುಳ ನಿಮ್ಮ ಮೇಲೆ.

ಇನ್ನು ದಿಕ್ಕು. ರಾಡ್ ನೀರು ಹರಿಯುವ ಕಡೆಗೆ ಜಾರಿಕೊಂಡು ಹೋಗುವಂತಿರಬೇಕು. ನೆಟ್ಟಗೆ ಟೀ ಹಾಕಿ ಕ್ಯಾಪ್ ಹೊಡೆದರೆ ರಾಡ್ ಪೈಪಿನ ಎದುರು ಬದಿಗೆ ಗುದ್ದಿ ಮಡಚಿಕೊಳ್ಳುತ್ತದೆ, ಇಲ್ಲವೇ ಹಿಂದಕ್ಕೆ ಹೊರಳುತ್ತದೆ. 45 ಡಿಗ್ರಿಯ ವೈ (Y ಆಕಾರದ ಫಿಟ್ಟಿಂಗ್) ಹಾಕಿ, ಅದರ ಓರೆ ಕಾಲು ಮೇಲ್ಹರಿವಿನ ಕಡೆಗೆ ಬಾಗಿರುವಂತೆ ಕೂರಿಸಿ ಅನ್ನುವುದು ಇದಕ್ಕೇ. ಮಿಸ್ತ್ರಿಗೆ ಟೀ ಇಷ್ಟ, ಯಾಕೆಂದರೆ ಅಗ್ಗ ಮತ್ತು ಜಾಗ ಕಡಿಮೆ ಹಿಡಿಯುತ್ತದೆ.

ವರ್ಕ್‌ಶಾಪ್‌ನಲ್ಲಿ ತೋರಿಸಿದ ಜಾಯಿಂಟ್ ಕೆಲಸದಲ್ಲೂ ಸೈಟಿಗೆ ಹೋದರೆ ಯಾರೂ ಮಾಡದ ಒಂದೆರಡು ಸಂಗತಿಗಳಿವೆ. ಪೈಪ್ ಮೇಲಿನ ಅಕ್ಷರ ಓದಿ: ಭಾರತೀಯ ಮಾನಕ ಐಎಸ್ 13592ರಲ್ಲಿ ಟೈಪ್ ಎ ಮಳೆನೀರಿಗೆ ಮತ್ತು ವೆಂಟ್‌ಗೆ (ಗಾಳಿ ಹೋಗುವ ಪೈಪ್), ಟೈಪ್ ಬಿ ಮಲಿನ ನೀರಿಗೆ. ರಬ್ಬರ್ ರಿಂಗ್‌ನಿಂದ ಕೂಡಿಸುವ ರಿಂಗ್ ಫಿಟ್ ಜಾಯಿಂಟ್ ಆದರೆ ತುದಿಯ ಅಂಚು ಅರದಿಂದ ಓರೆ ಮಾಡಿ, ರಬ್ಬರ್ ರಿಂಗ್‌ಗೆ ಲೂಬ್ರಿಕೆಂಟ್ ಸವರಿ ಪೂರ್ತಿ ಒಳಗೆ ತಳ್ಳಿ. ಪೆನ್ಸಿಲಲ್ಲಿ ಗುರುತು ಹಾಕಿ, ಮತ್ತೆ 10 ಮಿಲಿಮೀಟರ್ ಹೊರಗೆಳೆಯಿರಿ. ಬಿಸಿಲಿಗೆ ಪೈಪ್ ಹಿಗ್ಗಲು ಆ ಸಂದು ಬೇಕು. ಲೂಬ್ರಿಕೆಂಟ್ ಇಲ್ಲ ಅಂತ ಗ್ರೀಸ್ ಹಚ್ಚುವವರಿದ್ದಾರೆ, ಅದು ರಬ್ಬರನ್ನು ಕೆಡಿಸುತ್ತದೆ. ಬಾಗಿಲಿನ ಸ್ಕ್ರೂಗಳನ್ನು ಒಂದೇ ಬದಿಯಿಂದ ಬಿಗಿಯುತ್ತ ಹೋಗದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ, ಗ್ಯಾಸ್ಕೆಟ್ ಸಮನಾಗಿ ಕೂರುತ್ತದೆ.

ನೆಲದ ಚೇಂಬರ್‌ಗೆ (ಲೈನ್ ನೋಡಲು ನೆಲದಲ್ಲಿ ಕಟ್ಟುವ ಮುಚ್ಚಳವಿರುವ ಗುಂಡಿ) ಬಂದರೆ ಅದು ಗಾರೆ ಕೆಲಸದವನದ್ದು ಅಂತ ಪ್ಲಂಬರ್ ಕೈತೊಳೆದುಕೊಳ್ಳುತ್ತಾನೆ. ಅಲ್ಲೇ ಎಡವಟ್ಟು ಆಗುವುದು. ತಳದಲ್ಲಿ ಅರ್ಧವೃತ್ತದ ಚಾನೆಲ್ ನುಣ್ಣಗೆ ಹರಿದು, ಎರಡೂ ಬದಿಯ ಬೆಂಚಿಂಗ್, ಅಂದರೆ ಸಿಮೆಂಟಿನ ದಿಂಡು, ಚಾನೆಲ್ ಕಡೆಗೆ ಇಳಿಜಾರಾಗಿರಬೇಕು. ಸಪಾಟಾಗಿ ಬಿಟ್ಟರೆ ಮಲ ಅಲ್ಲೇ ಕೂತು ಒಣಗುತ್ತದೆ. ಗಾರೆಯವನು ಪೈಪಿನ ಬಾಯಲ್ಲಿ ಸಿಮೆಂಟ್ ಮುದ್ದೆ ಬಿಟ್ಟುಹೋಗುವುದೂ ಮಾಮೂಲು. ಇದನ್ನು ಹಿಡಿಯಲು ನ್ಯಾಷನಲ್ ಬಿಲ್ಡಿಂಗ್ ಕೋಡ್‌ನಲ್ಲಿ ಎರಡು ಪರೀಕ್ಷೆಗಳಿವೆ, ಎರಡಕ್ಕೂ ಹೆಚ್ಚು ಖರ್ಚಿಲ್ಲ. ಪೈಪಿನ ಒಳಅಳತೆಗಿಂತ 13 ಮಿಲಿಮೀಟರ್ ಚಿಕ್ಕದಾದ ನುಣುಪು ಚೆಂಡನ್ನು ಮೇಲಿನ ಚೇಂಬರ್‌ನಲ್ಲಿ ಬಿಡುವುದು, ಅಡ್ಡಿಯಿಲ್ಲದಿದ್ದರೆ ಅದು ತಾನಾಗಿ ಉರುಳಿ ಕೆಳಗಿನ ಚೇಂಬರ್‌ಗೆ ಬರುತ್ತದೆ. ಇನ್ನೊಂದು, ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಕನ್ನಡಿ. ಲೈನ್ ನೇರವಾಗಿದ್ದರೆ ಕನ್ನಡಿಯಲ್ಲಿ ಪೂರ್ತಿ ದುಂಡಗಿನ ಬೆಳಕು ಕಾಣುತ್ತದೆ, ಎಲ್ಲೋ ಕುಸಿದಿದ್ದರೆ ಅರ್ಧಚಂದ್ರ. ಹುಡುಗರಿಗೆ ನಾನು ಮೊದಲು ಮಾಡಿಸುವುದೇ ಈ ಕನ್ನಡಿ ಪರೀಕ್ಷೆ. ಬೋರ್ಡಿನ ಮೇಲೆ ಇಳಿಜಾರಿನ ಪಾಠ ಎಷ್ಟು ಹೇಳಿದರೂ ಪಿಳಿಪಿಳಿ ಕಣ್ಣು ಬಿಡುತ್ತಿದ್ದವರು ಆ ಅರ್ಧಚಂದ್ರ ನೋಡಿದ ಮೇಲೆ ತಾವೇ ಸ್ಪಿರಿಟ್ ಲೆವೆಲ್ ಹುಡುಕುತ್ತಾರೆ.

ಮುಚ್ಚಳವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಂಕ್ರೀಟ್ ಮುಚ್ಚಳಗಳಿಗೆ ಐಎಸ್ 12592 ಇದೆ: ಎಲ್‌ಡಿ (ಲೈಟ್ ಡ್ಯೂಟಿ) 2.5, ಎಂಡಿ (ಮೀಡಿಯಂ) 10, ಎಚ್‌ಡಿ (ಹೆವಿ) 20, ಇಎಚ್‌ಡಿ (ಎಕ್ಸ್‌ಟ್ರಾ ಹೆವಿ) 35. ಸಂಖ್ಯೆಗಳು ಟನ್ ಲೆಕ್ಕ. ನೀರಿನ ಟ್ಯಾಂಕರ್ ಓಡಾಡುವ ಕಾಂಪೌಂಡ್‌ನಲ್ಲಿ ಎಲ್‌ಡಿ ಕೂರಿಸಿದರೆ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. 2017ರ ಆಗಸ್ಟ್ 29ರ ಮಳೆಯಲ್ಲಿ ಈ ಊರಿನ ಹೆಸರಾಂತ ವೈದ್ಯರೊಬ್ಬರು ನೀರು ತುಂಬಿದ ರಸ್ತೆಯಲ್ಲಿ ತೆರೆದ ಮ್ಯಾನ್‌ಹೋಲ್‌ಗೆ ಬಿದ್ದು ತೀರಿಕೊಂಡದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಇನ್ನು, ಕಾಂಪೌಂಡ್‌ಗೆ ಹೊಸ ಪೇವರ್ ಬ್ಲಾಕ್ ಹಾಸುವಾಗ ಚೇಂಬರನ್ನೇ ಮುಚ್ಚಿಹಾಕುವ ಸೊಸೈಟಿಗಳಿಗೆ ಏನು ಹೇಳಲಿ? ಆಮೇಲೆ ಸರಳು ಹಿಡಿದು ಕುಟ್ಟುತ್ತ, ಟೊಳ್ಳು ಸದ್ದು ಎಲ್ಲಿ ಬರುತ್ತದೆಂದು ಹುಡುಕುತ್ತೇವೆ.

ರಾಡ್ ಮಾಡಲು ಬಾಯಿ ಇಲ್ಲದ ಕಡೆ ಮನುಷ್ಯನನ್ನೇ ಇಳಿಸುತ್ತಾರೆ, ಈ ಪಾಠ ಮುಖ್ಯ ಅನ್ನುವುದು ಅದಕ್ಕೂ ಹೌದು. ರಕ್ಷಣಾ ಸಾಧನಗಳಿಲ್ಲದೆ ಯಾರನ್ನಾದರೂ ಒಳಚರಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. "ನೀನು ಹೊಸಬ, ಸಣಕಲ, ಇಳಿ" ಅಂತ ಸೈಟಿನಲ್ಲಿ ಯಾರಾದರೂ ಹೇಳಿದರೆ ಇಳಿಯಬೇಡಿ. ತಲೆ ಒಳಗೆ ಹಾಕಿ ಇಣುಕುವುದೂ ಬೇಡ. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದಂತೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ.

ಈಗೇನು ಮಾಡಬೇಕು ಅಂದರೆ, ಐಟಿಐ ಬಿಡಬೇಡಿ. ಎಂಟನೇ ಕ್ಲಾಸ್ ಪಾಸಾದವರಿಗೂ ತೆರೆದಿರುವ ಒಂದು ವರ್ಷದ ಟ್ರೇಡ್ ಅದು, ಮುಂದೆ ಅಪ್ರೆಂಟಿಸ್ ಆಗಲು ದಾರಿಯಾಗುತ್ತದೆ. ಮುಂಬಯಿಯಲ್ಲಿ ಪಾಲಿಕೆಯ ಲೈಸೆನ್ಸ್ ಇರುವ ಪ್ಲಂಬರ್‌ಗೆ ಇರುವ ಬೆಲೆಯೇ ಬೇರೆ. ಅದರ ಜೊತೆಗೆ ಬಿಡುವಿನ ದಿನ ಚೋಕಪ್ ತೆಗೆಯುವ ತಂಡದ ಹಿಂದೆ ಹೋಗಿ. ಮಾಟುಂಗಾ ಕಡೆ ನಮ್ಮವರ ಉಡುಪಿ ಹೋಟೆಲುಗಳ ಅಡುಗೆಮನೆ ಲೈನ್ ಒಮ್ಮೆ ತೆರೆದು ನೋಡಿ. ಎಣ್ಣೆ, ಅಕ್ಕಿ ಗಂಜಿ, ತೆಂಗಿನ ನಾರು ಸೇರಿ ಕಲ್ಲಿನಂತೆ ಕಟ್ಟಿರುತ್ತದೆ. ಅದನ್ನು ಒಂದು ಸಲ ರಾಡ್‌ನಿಂದ ಒಡೆದವನಿಗೆ ಪಾತ್ರೆ ತೊಳೆಯುವ ಜಾಗದ ಹತ್ತಿರ ಓಪನಿಂಗ್ ಎಲ್ಲಿ ಬೇಕು ಅಂತ ಯಾವ ಕೋಡೂ ಹೇಳಿಕೊಡಬೇಕಾಗಿಲ್ಲ.

ಪ್ರೈವೇಟ್ ಕೋರ್ಸಿಗೆ ದುಡ್ಡು ಕಟ್ಟುವ ಮನಸ್ಸಿದ್ದರೆ ಮೊದಲು ಅವರ ಅಂಗಳಕ್ಕೆ ಹೋಗಿ ನೋಡಿ. ಅಗೆದ ಗುಂಡಿ, ಅದರಲ್ಲಿ ಎರಡು ಚೇಂಬರ್, ನಡುವೆ ಹೂತ ಲೈನ್ ಇದ್ದರೆ ಸೇರಬಹುದು. ಗೋಡೆಗೆ ಮೊಳೆ ಹೊಡೆದ ಪೈಪು, ನಲ್ಲಿ ಮಾತ್ರ ಇದ್ದರೆ ಅಲ್ಲಿ ನಿಮಗೆ ನೀರು ತರುವ ಲೈನ್ ಕಲಿಸುತ್ತಾರೆ, ಹೊರಗೆ ಕಳಿಸುವುದನ್ನಲ್ಲ.