ಕೇಳಿ, ಸಿಸ್ಟರ್ ಹೇಳ್ತಾರೆ: ಬೆಲ್ಲದ ಕಾಫಿ, ಕೆಂಪು ಮಾತ್ರೆ, ಕಕ್ಕಡದ ಮಳೆ

ಈ ತಿಂಗಳ ಪತ್ರಗಳಲ್ಲಿ ಮುಕ್ಕಾಲು ಪಾಲು ಬಸುರಿಯರವೇ. ಮಳೆ ಹಿಡಿಯುವ ಮುಂಚೆ ಹೀಗಾಗುವುದುಂಟು. ಹೊಸಬರಿಗೆ ಒಂದು ಮಾತು: ನಾನು ಡಾಕ್ಟರಲ್ಲ. ಕೊಡಗಿನಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿ ದುಡಿದು ನಿವೃತ್ತಿಯಾದವಳು. ಇಲ್ಲಿ ಉತ್ತರ ಸಿಕ್ಕಿತು ಅಂತ ಚೆಕಪ್ ತಪ್ಪಿಸಬೇಡಿ.

ಸಿಸ್ಟರ್, ನನಗೀಗ ಆರನೇ ತಿಂಗಳು. ಹಿಮೋಗ್ಲೋಬಿನ್ 9.4. ಆಶಾ ಅಕ್ಕ ಕೊಟ್ಟ ಕೆಂಪು ಮಾತ್ರೆಯನ್ನು ಬೆಳಗಿನ ಬೆಲ್ಲದ ಕಾಫಿ ಜೊತೆ ನುಂಗುತ್ತೇನೆ. ಬೆಲ್ಲದಲ್ಲೂ ಕಬ್ಬಿಣ ಇರುತ್ತೆ, ಡಬಲ್ ಲಾಭ ಅಂತಾರೆ ಅತ್ತೆ. ಎರಡು ತಿಂಗಳಾದರೂ ರಕ್ತ ಏರಿಲ್ಲ. ಮಲ ಕಪ್ಪಗೆ, ಗಟ್ಟಿ. ಮಾತ್ರೆ ನಿಲ್ಲಿಸಲಾ?
— ನಾಪೋಕ್ಲು ಕಡೆಯ ಓದುಗರು

ಮಾತ್ರೆ ನಿಲ್ಲಿಸಬೇಡಿ. ಅದರ ಜೊತೆಗಿನ ಕಾಫಿ ನಿಲ್ಲಿಸಿ. ಅತ್ತೆ ಹೇಳುವುದು ಅರ್ಧ ಸರಿ, ಬೆಲ್ಲದಲ್ಲಿ ಚೂರು ಕಬ್ಬಿಣ ಇದೆ. ಆದರೆ ಕಾಫಿಯ ಒಗರು ಅಂಶ ಆ ಕಬ್ಬಿಣವನ್ನೂ, ಮಾತ್ರೆಯ ಕಬ್ಬಿಣವನ್ನೂ ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತದೆ. ರಕ್ತಕ್ಕೆ ಸೇರಲು ಬಿಡುವುದಿಲ್ಲ. ಟೀ, ಹಾಲಿನದ್ದೂ ಇದೇ ಕಥೆ. ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ. ಅದರಲ್ಲಿ ಎಷ್ಟೋ ಪಾಲು ಸುಮ್ನೆ ಶೌಚಾಲಯಕ್ಕೆ ಹೋಗುತ್ತಿದೆ ಅಂದುಕೊಳ್ಳಿ.

ಹೀಗೆ ಮಾಡಿ. ಕಾಫಿಗೂ ಮಾತ್ರೆಗೂ ನಡುವೆ ಎರಡು ಗಂಟೆ ಬಿಡಿ. ಮಾತ್ರೆಯನ್ನು ನಿಂಬೆಹಣ್ಣಿನ ನೀರಿನಲ್ಲಿ ನುಂಗಿ. ಮನೆಯಲ್ಲಿ ಕಿತ್ತಳೆ ಇದ್ದರೆ ಅದನ್ನೂ ತಿನ್ನಿ, ಹುಳಿ ಹಣ್ಣಿನ ಜೊತೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿಗೆ ತಗೊಂಡು ಮಲಗಿಬಿಡಿ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಎರಡನ್ನೂ ಒಂದೇ ಗುಟುಕಿಗೆ ನುಂಗಿ ಕೆಲಸ ಮುಗಿಸುವವರು ತುಂಬಾ ಜನ, ಅದೂ ದಂಡವೇ. ಮಲ ಕಪ್ಪಗಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಗಟ್ಟಿಯಾಗುವುದಕ್ಕೆ ನೀರು, ಸೊಪ್ಪು, ಹಣ್ಣು ಜಾಸ್ತಿ ಮಾಡಿ.

ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. 9.4ಕ್ಕೆ ಡಾಕ್ಟರು ದಿನಕ್ಕೆ ಎರಡು ಮಾತ್ರೆ ಹೇಳಬಹುದು, ನೀವಾಗಿಯೇ ಏರಿಸಬೇಡಿ. ಜಂತುಹುಳದ ಮಾತ್ರೆ ಆಗಿದೆಯಾ ಅಂತಲೂ ಕೇಳಿ. ಒಂದು ತಿಂಗಳು ಸರಿಯಾಗಿ ತಗೊಂಡು ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಒಂದು ಗ್ರಾಂ ಕೂಡ ಏರದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ, ನರಕ್ಕೆ ಕೊಡುವ ಕಬ್ಬಿಣ ಬೇಕಾಗಬಹುದು.

ಕೊಡಗಿನವರಿಗೆ ಕಾಫಿಯನ್ನೇ ಬಿಡಿ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ. ದಿನಕ್ಕೆ ಕೆಫೀನ್ 200 ಮಿಲಿಗ್ರಾಂ ದಾಟದಿರಲಿ. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಮನೆ ತೋಟದ ರೋಬಸ್ಟಾ ಪುಡಿಯಾದರೆ ತೆಳ್ಳಗೆ ಮಾಡಿ ಎರಡು ಸಣ್ಣ ಲೋಟ ಸಾಕು.

ಪಪ್ಪಾಯಿ ತಿಂದರೆ ಗರ್ಭ ಹೋಗುತ್ತಾ? ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತಾ?
— ಸುಂಟಿಕೊಪ್ಪ

ಕಾಯಿ, ಅರೆಹಣ್ಣು ಬೇಡ. ಪೂರ್ತಿ ಹಣ್ಣಾದದ್ದು ತಿನ್ನಿ. ಕೇಸರಿಯಿಂದ ಬೆಳ್ಳಗಾಗುವುದು ಅಂಗಡಿಯವನ ಲಾಭ ಮಾತ್ರ.

ಕೊಡವರ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ತಿನ್ನಬಹುದಾ? ಹಂದಿ ಕರಿ, ಕಣಿಲೆ (ಎಳೆ ಬಿದಿರು), ಮನೆಯಲ್ಲಿ ಮಾಡಿದ ವೈನ್? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಪೊನ್ನಂಪೇಟೆ

ಮದ್ದು ಸೊಪ್ಪು ಈ ವರ್ಷ ಬೇಡ. ಹೆಸರಲ್ಲೇ ಮದ್ದು ಇದೆ, ಅಲ್ವಾ? ಬಸುರಿಯಲ್ಲಿ ಡಾಕ್ಟರು ಹೇಳದ ಮದ್ದು ಯಾವುದೂ ಬೇಡ. ಇನ್ನೊಂದು ಕಾರಣವೂ ಇದೆ. ಅದನ್ನು ತಿಂದ ಮಾರನೇ ದಿನ ಮೂತ್ರ ಕೆಂಪಗೆ ಹೋಗುವುದು ನಿಮಗೆ ಗೊತ್ತೇ ಇದೆ. ನಿಜವಾಗಿ ರಕ್ತ ಹೋದರೂ 'ಸೊಪ್ಪಿನ ಬಣ್ಣ' ಅಂತ ಸುಮ್ಮನಿದ್ದುಬಿಡುತ್ತೀರಿ. ಪಾಯಸ ತಿನ್ನಲೇಬೇಕು ಅಂತಿದ್ದರೆ ಸೊಪ್ಪಿನ ರಸ ಹಾಕದೆ ಒಂದು ಪಾಲು ಬೇರೆ ಮಾಡಿಸಿಕೊಳ್ಳಿ.

ಹಂದಿ ಕರಿ ಧಾರಾಳವಾಗಿ ತಿನ್ನಿ, ಒಳಗೆಲ್ಲೂ ಕೆಂಪು ಉಳಿಯದಂತೆ ಬೆಂದಿರಬೇಕು ಅಷ್ಟೇ. ಎದೆಯುರಿ ಇದ್ದರೆ ಕೊಬ್ಬಿನ ತುಂಡು, ಖಾರ ಕಡಿಮೆ ಮಾಡಿ, ತಿಂದ ಕೂಡಲೇ ಮಲಗಬೇಡಿ. ಕಣಿಲೆಯನ್ನು ನೀರು ಬದಲಿಸಿ ಬದಲಿಸಿ ನೆನೆಸಿ, ಬೇಯಿಸಿ ನೀರು ಚೆಲ್ಲಿದರೆ ಆಯಿತು. ಕಾಡಿನ ಅಣಬೆ ಬೇಡ. ವೈನ್ ಒಂದು ಲೋಟವೂ ಬೇಡ, ಅದು ಅಜ್ಜಿಯೇ ಮಾಡಿದ ವೈನ್ ಆದರೂ.

ಹೆಂಡತಿಗೆ ಎಂಟನೇ ತಿಂಗಳು. ಮಧ್ಯರಾತ್ರಿ ಕಾಲು ಹಿಡಿದುಕೊಂಡು ಕಿರುಚುತ್ತಾಳೆ. ಮೀನಖಂಡ ಕಲ್ಲಾಗಿರುತ್ತೆ. ನಾನು ಉಜ್ಜುತ್ತೇನೆ, ಸರೀನಾ?
— ಸಿದ್ದಾಪುರದ ಗಂಡ

ಪತ್ರ ಬರೆದ ಗಂಡ ನೀವೊಬ್ಬರೇ, ಅದಕ್ಕೇ ಮೊದಲು ಶಹಬ್ಬಾಸ್. ಉಜ್ಜುವ ಮೊದಲು ಅವರ ಮಂಡಿಯನ್ನು ನೇರ ಮಾಡಿ. ಪಾದವನ್ನು ಅಂಗೈಯಲ್ಲಿ ಹಿಡಿದು ಬೆರಳುಗಳನ್ನು ಮಂಡಿಯ ಕಡೆಗೆ ನಿಧಾನಕ್ಕೆ ಒತ್ತಿ ಹಿಡಿಯಿರಿ. ಗಂಟು ಸಡಿಲವಾಗುವುದು ಕೈಗೇ ಗೊತ್ತಾಗುತ್ತದೆ. ಆಮೇಲೆ ಉಜ್ಜಿ. ಮಲಗುವ ಮುಂಚೆ ಗೋಡೆಗೆ ಕೈಯಿಟ್ಟು, ಹಿಮ್ಮಡಿ ಎತ್ತದೆ ಮೀನಖಂಡ ಎಳೆದು ನಿಲ್ಲಲು ಹೇಳಿ.

ಒಂದೇ ಕಾಲು ಊದಿ, ಬಿಸಿಯಾಗಿ, ನೋವು ಹಗಲೂ ಬಿಡದಿದ್ದರೆ ಮಾತ್ರ ಉಜ್ಜಲೇಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ.

ಅವರು ಮಗ್ಗುಲಾಗಿ ಮಲಗಲಿ, ಮಂಡಿಗಳ ನಡುವೆ ದಿಂಬಿರಲಿ. ಎಚ್ಚರಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಮಗ್ಗುಲಿಗೆ ತಿರುಗಿದರಾಯಿತು.

ತೋಟದಲ್ಲಿ ಜಿಗಣೆ ಕಚ್ಚಿದರೆ ಮಗುವಿಗೆ ತೊಂದರೆಯಾ?
— ಮಾದಾಪುರ

ಇಲ್ಲ. ಅದರ ಜೊಲ್ಲಿನಿಂದ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ. ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ನನಗೆ ಜಿಗಣೆಗಿಂತ ಪಾಚಿ ಕಟ್ಟಿದ ಮೆಟ್ಟಿಲಿನದ್ದೇ ಭಯ. ಕಳೆನಾಶಕ ಹೊಡೆಯುವ ಕಡೆ ಹೋಗಲೇಬೇಡಿ.

ಏಳನೇ ತಿಂಗಳು. ಕಾಲು ಮೊದಲಿಂದಲೂ ಊದುತ್ತಿತ್ತು, ಈಗ ಮುಖವೂ ಊದಿದೆ, ತಲೆನೋವು. ಸೀಮಂತಕ್ಕೆ ಹಾಕಿದ ಬಳೆ ಬಿಗಿಯಾಗಿದೆ. ಉಪ್ಪು ಬಿಟ್ಟರೆ ಸಾಕಾ?
— ಕುಶಾಲನಗರ

ಈ ಪತ್ರ ನೋಡಿದ ದಿನವೇ ಸಂಪಾದಕರಿಂದ ಅವರಿಗೆ ಫೋನ್ ಮಾಡಿಸಿದೆ, ಈಗ ಚಿಕಿತ್ಸೆಯಲ್ಲಿದ್ದಾರೆ. ಉತ್ತರ ಉಳಿದವರಿಗೆ. ಸಂಜೆ ಹೊತ್ತಿಗೆ ಪಾದ ಊದುವುದು ಮಾಮೂಲು. ಮುಖ, ಕೈ ಇದ್ದಕ್ಕಿದ್ದಂತೆ ಊದುವುದು ಮಾಮೂಲಲ್ಲ. ವಾರ್ಡಿಗೆ ಯಾರಾದರೂ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಮಣಿಕಟ್ಟು. ಬಳೆಯ ಅಂಚು ಮಾಂಸಕ್ಕೆ ಒತ್ತಿ ಗೆರೆ ಬಿದ್ದಿದ್ದರೆ, ಹೆಸರು ಕೇಳುವ ಮುಂಚೆಯೇ ಬಿಪಿ ಪಟ್ಟಿ ಸುತ್ತುತ್ತಿದ್ದೆ. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮನೆಯಲ್ಲಿ ಕೂರುವ ಹಾಗಿಲ್ಲ. ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಇವುಗಳಲ್ಲಿ ಒಂದಿದ್ದರೂ ತಕ್ಷಣ ಹೊರಡಿ, ರಾತ್ರಿಯಾದರೂ ಸರಿ. ಉಪ್ಪು ಬಿಟ್ಟರೆ ಇದು ವಾಸಿಯಾಗುವುದಿಲ್ಲ.

ಚೊಚ್ಚಲ ಹೆರಿಗೆ. ಜುಲೈ ಕೊನೆಗೆ ತಾರೀಖು ಕೊಟ್ಟಿದ್ದಾರೆ. ನಮ್ಮ ಮನೆ ಭಾಗಮಂಡಲದಿಂದ ಒಳಗೆ. ನೋವು ಬಂದ ಮೇಲೆ ಹೊರಟರೆ ಸಾಲದಾ?
— ಭಾಗಮಂಡಲ

ಬೇರೆ ಊರಿನವರಿಗೆ ಐದು ನಿಮಿಷಕ್ಕೊಂದು ನೋವು ಬಂದಾಗ ಹೊರಡಿ ಅನ್ನಬಹುದಿತ್ತು. ನಿಮಗೆ ಅನ್ನಲಾರೆ. ಸಂಗಮದಲ್ಲಿ ನೀರು ಏರಿದರೆ ರಸ್ತೆ ಏನಾಗುತ್ತೆ ಅಂತ ನಿಮಗೇ ಗೊತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಜಿಲ್ಲೆಯ ಎಷ್ಟೋ ಊರುಗಳಿಗೆ ದಾರಿಯೇ ಇರಲಿಲ್ಲ. ಕೊಟ್ಟ ತಾರೀಖಿಗೇ ಹೆರುವವರು ಕಡಿಮೆ, 37 ವಾರ ತುಂಬಿದ ಮೇಲೆ ಯಾವತ್ತಾದರೂ ಆಗಬಹುದು. ಹಾಗಾಗಿ ಜುಲೈ ಮೊದಲ ವಾರದಲ್ಲೇ ಮಡಿಕೇರಿಯಲ್ಲಿ ನೆಂಟರ ಮನೆ ಸೇರಿಕೊಳ್ಳಿ. ನೆಂಟರಿಲ್ಲದಿದ್ದರೆ ಆಶಾ ಹತ್ತಿರ ಈಗಲೇ ಮಾತಾಡಿ.

ನೀರು ಹೋದರೆ ನೋವಿಗೆ ಕಾಯಬೇಡಿ. ನೀರಿನ ಬಣ್ಣ ನೋಡಿ, ಹಸಿರೋ ಕಂದೋ ಇದ್ದರೆ ಅದನ್ನು ಡಾಕ್ಟರಿಗೆ ಹೇಳಿ. ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆಯಾದರೆ ಅವತ್ತೇ ಆಸ್ಪತ್ರೆ. 108 ದುಡ್ಡಿಲ್ಲದೆ ಬರುತ್ತದೆ, ಆದರೆ ಕರೆಂಟ್ ಹೋಗಿ ಟವರ್ ಸತ್ತರೆ ಫೋನೇ ಹೋಗುವುದಿಲ್ಲ. ಊರಿನ ಜೀಪಿನವರಿಗೆ ಮೊದಲೇ ಹೇಳಿಡಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಆಧಾರ್ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬ್ಯಾಗಿನ ಮೇಲ್ಗಡೆಯೇ ಇಡಿ. ಬಟ್ಟೆ ಒದ್ದೆಯಾದರೆ ಒಣಗಿಸಿಕೊಳ್ಳಬಹುದು, ತಾಯಿ ಕಾರ್ಡು ಒದ್ದೆಯಾದರೆ ನಿಮ್ಮ ಬಿಪಿ, ರಕ್ತದ ಲೆಕ್ಕ ಓದಲು ಬರುವುದಿಲ್ಲ.